ಮಂಡಕ್ಕಿ ಮರಳಿಗೊಂದು ಕಾಲಂ

ಗಣಿ ಇಲಾಖೆಯ ನಮ್ಮ ಜಿಲ್ಲಾ ಕಚೇರಿಯಲ್ಲಿ ಖನಿಜ ಅರ್ಥಶಾಸ್ತ್ರವು ಒಂದು ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ ಹುಟ್ಟಿತು. ಅಂದಿನ ಬೆಳಗಿನವರೆಗೂ ದಾವಣಗೆರೆ ಸೀಮೆಯ ಕಲ್ಲು, ಮಣ್ಣು, ಮರಳು ತಮ್ಮ ಪಾಡಿಗೆ ಇದ್ದವು. ಅರ್ಥಶಾಸ್ತ್ರವೂ ಕಾಲೇಜುಗಳಲ್ಲಿ ತನ್ನ ಪಾಡಿಗೆ ಇತ್ತು. ಇವೆರಡನ್ನೂ ಪರಸ್ಪರ ಪರಿಚಯಿಸಬೇಕೆಂದು ಕೇಂದ್ರ ಕಚೇರಿಗೆ ಏಕೆ ಅನ್ನಿಸಿತೋ ತಿಳಿಯದು. ಬಂದ ಸುತ್ತೋಲೆ ಒಂದೇ ಪುಟದ್ದು. ಪ್ರತಿ ಜಿಲ್ಲೆಯಲ್ಲೂ ಖನಿಜ ಅರ್ಥಶಾಸ್ತ್ರ ಘಟಕವೊಂದನ್ನು ತಕ್ಷಣವೇ ಸ್ಥಾಪಿಸತಕ್ಕದ್ದು ಎಂದು ಅದರ ಮೊದಲ ಸಾಲು ಹೇಳುತ್ತಿತ್ತು. ಈ ಸಂಬಂಧ ಹೆಚ್ಚುವರಿ ಸಿಬ್ಬಂದಿಯನ್ನಾಗಲಿ, ಕೊಠಡಿಯನ್ನಾಗಲಿ ಕೋರತಕ್ಕದ್ದಲ್ಲ ಎಂದು ಕೊನೆಯ ಸಾಲು ಹೇಳುತ್ತಿತ್ತು. ನಮ್ಮ ಸಾಹೇಬರು, ಅಂದರೆ ಕಚೇರಿಯ ಮುಖ್ಯಸ್ಥರಾಗಿದ್ದ ಹಿರಿಯ ಭೂವಿಜ್ಞಾನಿ, ಆ ಕೊನೆಯ ಸಾಲನ್ನು ಎರಡು ಸಲ ಓದಿ, "ಹಂಗಾದ್ರೆ ಸರಳ ಐತೆ," ಎಂದರು.

ಸರಳವಾಗಿಯೇ ನಡೆಯಿತು. ಹಿಂಬದಿಯ ಸಾಮಾನು ಕೋಣೆಯ ಫಲಕವನ್ನು ಇಳಿಸಿ, ಅದರ ಬೆನ್ನಿಗೆ ಬಿಳಿ ಬಣ್ಣ ಬಳಿಸಿ, 'ಖನಿಜ ಅರ್ಥಶಾಸ್ತ್ರ ಘಟಕ' ಎಂದು ಬರೆಸಿ, ತಿರುವಿ ಅದೇ ಮೊಳೆಗೆ ತೂಗುಹಾಕಲಾಯಿತು. ಒಳಗಿನ ಸಾಮಾನು ಇದ್ದಲ್ಲೇ ಉಳಿಯಿತು: ಕಲ್ಲಿನ ಮಾದರಿಗಳ ಮರದ ಪೆಟ್ಟಿಗೆಗಳು, ಮುಳ್ಳು ಮುರಿದ ತಕ್ಕಡಿ, ಯಾವುದೋ ಚುನಾವಣೆಯ ಕೆಲಸಕ್ಕೆ ಹೋಗಿ ಕಾಲು ಮುರಿದುಕೊಂಡು ಬಂದಿದ್ದ ಬೆಂಚು. ಅವುಗಳ ನಡುವೆ ನನ್ನನ್ನೂ ಇರಿಸಲಾಯಿತು. ಕಚೇರಿಗೆ ಹೊಸದಾಗಿ ಬಂದವಳು ನಾನೊಬ್ಬಳೇ, ಅರ್ಥಶಾಸ್ತ್ರದ ಪದವಿ ಪಡೆದವಳೂ ನಾನೊಬ್ಬಳೇ. ಈ ಎರಡು ಅಪರಾಧಗಳಲ್ಲಿ ಯಾವುದಕ್ಕೆ ಈ ಶಿಕ್ಷೆಯೆಂದು ಆದೇಶದಲ್ಲಿ ನಮೂದಾಗಿರಲಿಲ್ಲ.

ನನಗಾದರೋ ಅದು ಶಿಕ್ಷೆಯೆಂದು ಹೊಳೆಯಲೇ ಇಲ್ಲ. ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಚೀಟಿ ಎತ್ತಿದಾಗ 'ಪರ' ಎಂದು ಬಂದರೆ ಪರ, 'ವಿರೋಧ' ಎಂದು ಬಂದರೆ ವಿರೋಧ. ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಐದನೆಯದಕ್ಕೆ ಅಂತಿಮ ಗಂಟೆ. ಆ ಐದು ನಿಮಿಷಗಳಲ್ಲಿ ನಾನು ಪ್ರಜಾಪ್ರಭುತ್ವವನ್ನು ಎಷ್ಟೋ ಸಲ ಉಳಿಸಿದ್ದೇನೆ, ಮರುವಾರ ಇನ್ನೊಂದು ಕಾಲೇಜಿನ ವೇದಿಕೆಯಲ್ಲಿ ಅದನ್ನು ಬಯಲಿಗೂ ಎಳೆದಿದ್ದೇನೆ. ಪಾರಿತೋಷಕಗಳು ಮನೆಯ ಗಾಜಿನ ಕಪಾಟಿನಲ್ಲಿ ಇನ್ನೂ ಸಾಲಾಗಿ ನಿಂತಿವೆ. ಸತ್ಯವನ್ನು ಕ್ರಮವಾಗಿ ಜೋಡಿಸಿ, ಸ್ಪಷ್ಟ ಧ್ವನಿಯಲ್ಲಿ ಮಂಡಿಸಿದರೆ ಆಡಳಿತ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ನಾನು ಉದ್ಯೋಗಕ್ಕೆ ಬರುವಾಗ ಊಟದ ಡಬ್ಬಿಯ ಜೊತೆಗೆ ತಂದಿದ್ದೆ.

ಘಟಕಕ್ಕೆ ಬಂದ ಮೊದಲ ಕಡತ ಮರಳಿನ ತ್ರೈಮಾಸಿಕ ತಖ್ತೆ. ಮೂರು ತಿಂಗಳಿಗೊಮ್ಮೆ ಹೊಳೆಯಿಂದ ಎಷ್ಟು ಮರಳು ಎತ್ತಲಾಯಿತು, ಅದು ಯಾವುದಕ್ಕೆ ಬಳಕೆಯಾಯಿತು ಎಂದು ತಿಳಿಸುವ ಅಗಲವಾದ ಹಾಳೆ ಅದು. ಬಳಕೆಗೆ ನಾಲ್ಕು ಕಾಲಂ: ಕಟ್ಟಡ, ರಸ್ತೆ, ಕೈಗಾರಿಕೆ, ಇತರೆ. ವರ್ಷಗಟ್ಟಲೆಯಿಂದ ಅದನ್ನು ತುಂಬುತ್ತ ಬಂದವರು ನಮ್ಮ ಗುಮಾಸ್ತರು. ಮಾಯಕೊಂಡದ ಕಡೆಯವರು, ನಿವೃತ್ತಿಗೆ ಹತ್ತಿರವಾದವರು, ಮಾತಿಗಿಂತ ಹೆಚ್ಚಾಗಿ ಅಡಿಕೆಪುಡಿಯನ್ನು ಜಗಿಯುವವರು. ತಖ್ತೆಯನ್ನು ಹಿಡಿದು ನಾನು ಅವರ ಮೇಜಿನ ಬಳಿ ಹೋದೆ.

"ಸರ್, ಈ ಮೂರು ತಿಂಗಳು ಹರಿಹರದಲ್ಲಿ ಹೊಳೆ ದಡ ಮುಟ್ಟಿ ಹರಿಯುತ್ತಿತ್ತು. ಮರಳು ಹೇಗೆ ತೆಗೆದರು?"

"ಹಿಂದಿನ ತಖ್ತೆ ನೋಡ್ರಿ."

"ನೋಡಿದೆ. ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ."

"ಅದಕ್ಕ ಮತ್ತೆ! ಹೋದ ಸಲದ ಅಂಕಿ ಮ್ಯಾಲೆ ಒಂದೀಟು ಹಾಕ್ಬೇಕು. ಕಡಿಮಿ ಆದ್ರೆ ಯಾಕ ಕಡಿಮಿ ಆತು ಅಂತ ಮೇಲಿನೋರು ಕೇಳ್ತಾರೆ. ಭಾಳ ಜಾಸ್ತಿ ಆದ್ರೆ ಯಾಕ ಜಾಸ್ತಿ ಆತು ಅಂತಾರೆ. ಒಂದೀಟೇ ಜಾಸ್ತಿ ಆದ್ರೆ ಪ್ರಗತಿ ಅಂತಾರೆ."

"ಆದರೆ ಹೊಳೆ?"

"ಮೇಡಂ, ಮರಳು ಹೊಳ್ಯಾಗ ಇರ್ತೈತೆ, ಅಂಕಿ ಫೈಲ್‌ನಾಗ ಇರ್ತೈತೆ. ಎರಡಕ್ಕೂ ಯಾಕ ಜಗಳ ಹಚ್ತೀರಿ?"

ಇನ್ನೊಂದು ಸಂಗತಿಯೂ ನನ್ನ ಕಣ್ಣಿಗೆ ಬಿದ್ದಿತ್ತು. ಉಳಿದೆಲ್ಲ ಕಾಲಂಗಳು ಒಂದೀಟು ಒಂದೀಟಾಗಿ ಪ್ರಗತಿ ಹೊಂದುತ್ತಿದ್ದರೆ, 'ಇತರೆ' ಎಂಬ ಕಾಲಂ ಮಾತ್ರ ಎಷ್ಟು ಹಳೆಯ ತಖ್ತೆ ತೆರೆದರೂ ಅದೇ ಅಂಕಿ ಹೊತ್ತು ಕೂತಿತ್ತು. ಅದರೊಳಗೆ ಏನೇನು ಸೇರಿದೆ ಎಂದು ಕೇಳಿದೆ.

"ಅದನ್ನ ಮುಟ್ಟಬ್ಯಾಡ್ರಿ," ಎಂದರು ಗುಮಾಸ್ತರು.

"ಏಕೆ?"

"ಯಾರೂ ಮುಟ್ಟಿಲ್ಲ, ಅದಕ್ಕ."

ಇದಕ್ಕಿಂತ ಸ್ಪಷ್ಟವಾದ ಆಹ್ವಾನ ಒಬ್ಬ ಸುಧಾರಕಿಗೆ ಬೇಕಿಲ್ಲ. ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತೆ. ಎದ್ದು ನಿಲ್ಲುವ ಪದ್ಧತಿ ಅಲ್ಲಿರಲಿಲ್ಲವಾದ್ದರಿಂದ ಎಲ್ಲರೂ ನಾನು ಹೊರಗೆ ಹೋಗುತ್ತಿದ್ದೇನೆಂದು ಭಾವಿಸಿ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. 'ಇತರೆ' ಎಂಬುದು ಅಜ್ಞಾನಕ್ಕೆ ನಾವು ಕೊಟ್ಟಿರುವ ಸರ್ಕಾರಿ ಹೆಸರು ಎಂದೆ. ಯಾವುದನ್ನು ನಾವು ಎಣಿಸುವುದಿಲ್ಲವೋ ಅದು ಯೋಜನೆಯ ಕಣ್ಣಿಗೆ ಬೀಳುವುದಿಲ್ಲ, ಯೋಜನೆಯ ಕಣ್ಣಿಗೆ ಬೀಳದವರಿಗೆ ನ್ಯಾಯ ಸಿಗುವುದಿಲ್ಲ, ಆದ್ದರಿಂದ ಎಣಿಕೆಯೇ ನ್ಯಾಯದ ಮೊದಲ ಮೆಟ್ಟಿಲು ಎಂದು ಮೂರು ಹೆಜ್ಜೆಯಲ್ಲಿ ವಾದ ಮುಗಿಸಿದೆ. ಅಂತಿಮ ಗಂಟೆಗೆ ಇನ್ನೂ ಒಂದು ನಿಮಿಷವಿತ್ತು. ಚಪ್ಪಾಳೆಯ ಜಾಗದಲ್ಲಿ ಫ್ಯಾನು ಕಿರುಗುಟ್ಟಿತು.

ಸಾಹೇಬರು ಕೈಗಡಿಯಾರ ನೋಡಿಕೊಂಡರು. "ನೋಡಮ್ಮ, ಘಟಕ ಅಂದಮ್ಯಾಲೆ ಒಂದು ರಿಪೋರ್ಟ್ ಬೇಕಾಗ್ತೈತೆ. ಎರಡು ತಿಂಗಳು ಟೈಮ್ ತಗೋ. ಆ ಇತರೆ ಒಳಗೆ ಏನೈತೆ ಅಂತ ಹುಡುಕಿ ಬರಿ. ಜೀಪು ಮಾತ್ರ ಕೇಳಬ್ಯಾಡ."

ಜೀಪು ಕೇಳಲಿಲ್ಲ. ಖನಿಜ ಅರ್ಥಶಾಸ್ತ್ರವು ಕೆಂಪು ಬಸ್ಸಿನಲ್ಲಿ, ಟಂಟಂನಲ್ಲಿ, ಬಹುಪಾಲು ಕಾಲ್ನಡಿಗೆಯಲ್ಲಿ ಬೆಳೆಯಿತು. ಸಾರಥಿ ಎಂಬ ಹಳ್ಳಿಯಲ್ಲಿ ದನದ ಕೊಟ್ಟಿಗೆಯ ಕೆಸರಿಗೆ ಮರಳು ಹಾಸುವುದನ್ನು ಕಂಡೆ. ಅದಕ್ಕೊಂದು ಸಾಲು ಬರೆದೆ. ಮಾಯಕೊಂಡದ ಸಂತೆಯಲ್ಲಿ ಶೇಂಗಾ ಹುರಿಯುವವನ ಬಾಣಲೆಯಲ್ಲಿ ಮರಳು ಕಂಡೆ, ಅದಕ್ಕೊಂದು ಸಾಲು. ಒಂದು ಅಂಗನವಾಡಿಯಲ್ಲಿ ಮಕ್ಕಳು ಅಕ್ಷರ ತಿದ್ದುವ ತಟ್ಟೆಯಲ್ಲಿ ಎರಡು ಹಿಡಿ ಮರಳಿತ್ತು. ಅದನ್ನೂ ಬರೆದುಕೊಂಡೆ. ಎರಡು ಹಿಡಿಯನ್ನು ಟನ್ನಿಗೆ ಪರಿವರ್ತಿಸುವಾಗ ದಶಮಾಂಶದ ಬಿಂದು ಎಲ್ಲಿಡಬೇಕೆಂದು ಒಂದು ಸಂಜೆಯೆಲ್ಲ ಯೋಚಿಸಿದೆ ಎಂದರೆ ನನ್ನ ನಿಷ್ಠೆಯ ಅಳತೆ ಸಿಕ್ಕೀತು.

ಆದರೆ 'ಇತರೆ'ಯ ಹೃದಯ ಇದ್ದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ. ನಾನು ಹುಟ್ಟಿದಾಗಿನಿಂದ ಸಂಜೆಯ ಮಿರ್ಚಿಯ ಜೊತೆ ಮಂಡಕ್ಕಿ ತಿಂದವಳು. ಅಕ್ಕಿ ಹೇಗೆ ಅರಳುತ್ತದೆ ಎಂದು ಒಮ್ಮೆಯೂ ಕೇಳಿದವಳಲ್ಲ. ಭಟ್ಟಿಯ ಓಣಿಯೊಳಗೆ ಕಾಲಿಟ್ಟ ದಿನ ಉತ್ತರ ಸಿಕ್ಕಿತು. ಭತ್ತದ ಹೊಟ್ಟಿನ ಉರಿಯ ಮೇಲೆ ದೊಡ್ಡ ಬಾಣಲೆ, ಅದರ ತುಂಬ ಕಾದ ಮರಳು. ಉಪ್ಪು ಸವರಿದ ಅಕ್ಕಿಯನ್ನು ಅದರೊಳಗೆ ಸುರಿದು ಕೈಯಾಡಿಸುವಷ್ಟರಲ್ಲಿ ಅದು ಬೆಳ್ಳಗೆ ಉಬ್ಬಿ ಮೇಲೆದ್ದು ಬರುತ್ತಿತ್ತು. ಜರಡಿಗೆ ಹಾಕಿ ಅಲ್ಲಾಡಿಸಿದರೆ ಮರಳು ಮತ್ತೆ ಬಾಣಲೆಗೆ, ಮಂಡಕ್ಕಿ ಗುಡ್ಡೆಗೆ.

ಆ ಭಟ್ಟಿಯನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಓಣಿಯವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಹೊಗೆಗೆ ಕಣ್ಣು ಕಿರಿದು ಮಾಡಿ ನನ್ನ ಕೈಯ ಹಾಳೆಗಳನ್ನು ನೋಡಿದರು.

"ಕೂಡ್ರು ಬೇಟಿ. ಏನು, ಜನಗಣತಿನಾ?"

"ಮರಳಿನ ಗಣತಿ, ಆಪಾ."

"ಅರೆ, ಮನುಷ್ಯಾರದ್ದು ಮುಗೀತಾ?"

ಈಗ ಎಲ್ಲೆಡೆ ಕಲ್ಲು ಅರೆದು ಮಾಡಿದ ಎಂ-ಸ್ಯಾಂಡ್ ಸಿಗುತ್ತದಲ್ಲ, ಹೊಳೆಯ ಮರಳೇ ಏಕೆ ಬೇಕೆಂದು ಕೇಳಿದೆ. ಆಪಾ ತಮ್ಮ ಮುಂಬಲ್ಲನ್ನು ಉಗುರಿನಿಂದ ತಟ್ಟಿ ತೋರಿಸಿದರು.

"ಅದರ ಪುಡಿ ಮಂಡಕ್ಕಿಗೆ ಹತ್ಕೊಂತೈತೆ. ಹಲ್ಲಿಗೆ ಸಿಗ್ತೈತೆ. ಒಂದು ಸಲ ಗಿರಾಕಿ ಹಲ್ಲು ಕರ್ ಅಂತು ಅಂದ್ರೆ ಖಲಾಸ್, ಮತ್ತೆ ಬರಲ್ಲ. ಹೊಳಿ ಮರಳು ಗುಂಡಗೆ ಇರ್ತೈತೆ, ಹತ್ತಂಗಿಲ್ಲ. ನಮಗ ಮರಳು ಅಂದ್ರೆ ಬಾಣಲಿ ಇದ್ದಂಗ ಬೇಟಿ. ಬಾಣಲಿನ ಯಾರಾದ್ರೂ ಲೆಕ್ಕ ಹಿಡೀತಾರಾ?"

ಹಿಡಿಯುತ್ತಾರೆ ಎಂದು ತೋರಿಸಲೆಂದೇ ನಾನು ಬಂದಿದ್ದೆ. ಮರಳು ಯಾರು ತರುತ್ತಾರೆ ಎಂದು ಕೇಳಿದೆ. ಆ ಓಣಿಗೆಲ್ಲ ಮರಳು ತರುವವರು ಒಬ್ಬರೇ. ಹರಿಹರದವರು, ಎತ್ತಿನ ಗಾಡಿಯಲ್ಲಿ ಎರಡು ವಾರಕ್ಕೊಮ್ಮೆ ಬರುತ್ತಾರೆ. ಎಲ್ಲರೂ ಅವರನ್ನು ಗಾಡಿಯಣ್ಣ ಎನ್ನುತ್ತಿದ್ದರು.

ಗಾಡಿಯಣ್ಣನನ್ನು ನೋಡಲು ಒಂದು ಭಾನುವಾರ ಹರಿಹರಕ್ಕೆ ಹೋದೆ. ಹೊಳೆ ಇಳಿದು ನಡುವೆ ದಿಬ್ಬಗಳು ಎದ್ದಿದ್ದವು. ಅವರು ಮಂಡಿಯುದ್ದ ನೀರಿನಲ್ಲಿ ನಿಂತು ಬುಟ್ಟಿಯಿಂದ ಮರಳು ಎತ್ತಿ, ದಡದಲ್ಲಿ ಮೂರು ಜರಡಿಗಳಲ್ಲಿ ಒಂದಾದ ಮೇಲೊಂದರಂತೆ ಸೋಸುತ್ತಿದ್ದರು. ದಪ್ಪನೆಯದು ಬಿಟ್ಟು, ತೀರ ಸಣ್ಣದನ್ನೂ ಬಿಟ್ಟು, ಸಾಸಿವೆಯಷ್ಟಿರುವ ನಡುವಿನದನ್ನು ಮಾತ್ರ ಗೋಣಿಯ ಮೇಲೆ ಹರವುತ್ತಿದ್ದರು. ಇಡೀ ಬೆಳಗಿಗೆ ಅಷ್ಟು ದೊಡ್ಡ ಹೊಳೆಯಿಂದ ಅವರು ಆರಿಸಿಕೊಂಡದ್ದು ಅರ್ಧ ಗಾಡಿ. ನಮ್ಮ ಕೇಂದ್ರ ಕಚೇರಿ ತನ್ನ ಸುತ್ತೋಲೆಗಳನ್ನು ಈ ರೀತಿ ಸೋಸಿದ್ದರೆ ವರ್ಷಕ್ಕೊಂದು ಬರುತ್ತಿತ್ತೋ ಏನೋ.

"ಎಷ್ಟು ವರ್ಷದಿಂದ ಇದನ್ನು ಮಾಡುತ್ತಿದ್ದೀರಿ?" ಎಂದೆ.

"ನಮ್ಮಪ್ಪ ಮಾಡ್ತಿದ್ದ. ಆಮ್ಯಾಲೆ ನಾನು. ಅಮಾಸಿಗೆ ಉಕ್ಕಡಗಾತ್ರಿ ಗುಡಿಗೆ ಹೋಗಾದು ಬಿಟ್ರೆ ಈ ಎತ್ತು ರಜಾ ಕಂಡಿಲ್ಲ ತಂಗಿ."

"ದಾವಣಗೆರೆಗೆ ಯಾವ ವಾರ ಬರುತ್ತೀರಿ? ಯಾವ ದಾರಿಯಲ್ಲಿ?"

ಅವರು ಜರಡಿ ನಿಲ್ಲಿಸಿದರು. "ಅದ್ಯಾಕ ಬೇಕು?"

"ಬರೆದುಕೊಳ್ಳಲು."

"ಬರಕೊಂಡ್ರೆ ಏನಾಗ್ತೈತೆ?"

ಚರ್ಚೆಯಲ್ಲಿ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎಂದೂ ತಡವಾದದ್ದಿಲ್ಲ. "ನೀವು ಇದ್ದೀರಿ ಎಂದು ಸರ್ಕಾರಕ್ಕೆ ಗೊತ್ತಾಗುತ್ತದೆ," ಎಂದೆ.

"ಈಗ ಇಲ್ಲೇನು ನಾನು?" ಎಂದು ನಕ್ಕರು. ಆಮೇಲೆ, ದೂರದಿಂದ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂಬಂತೆ, ಎರಡನೆಯ ಮಂಗಳವಾರ, ನಾಲ್ಕನೆಯ ಮಂಗಳವಾರ, ಹಳೇ ರಸ್ತೆಯಲ್ಲಿ, ಹತ್ತು ಗಂಟೆಯ ಹೊತ್ತಿಗೆ ಭಟ್ಟಿ ಓಣಿಯ ತಿರುವು ಎಂದು ಎಲ್ಲವನ್ನೂ ಹೇಳಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಅಕ್ಷರ ಬಹಳ ದುಂಡಾಗಿತ್ತು.

ವರದಿಯು ಎಂಬತ್ತು ಪುಟವಾಯಿತು. 'ಇತರೆ' ಎಂಬ ಕಾಲಮನ್ನು ಪೂರ್ತಿಯಾಗಿ ಖಾಲಿ ಮಾಡಿ, ಅದರಲ್ಲಿದ್ದುದನ್ನೆಲ್ಲ ಹೆಸರಿಟ್ಟು ಬೇರೆ ಬೇರೆ ಸಾಲಿಗೆ ಹಂಚಿದ್ದೆ. ಮಂಡಕ್ಕಿ ಭಟ್ಟಿಗಳ ಮರಳನ್ನು, ಸ್ಥಳೀಯ ಉದ್ಯಮಕ್ಕೆ ಗೌರವ ಸಲ್ಲಬೇಕೆಂಬ ಸದುದ್ದೇಶದಿಂದ, 'ಕೈಗಾರಿಕೆ'ಯ ಕೆಳಗೆ ಸೇರಿಸಿದೆ. ಅನುಬಂಧದಲ್ಲಿ ಪೂರೈಕೆಯ ಮೂಲ, ಮಾರ್ಗ, ವಾರ, ವೇಳೆ. ಕೊನೆಯ ಅಧ್ಯಾಯದಲ್ಲಿ ಸಾಂಪ್ರದಾಯಿಕ ಮರಳು ಸೋಸುವವರಿಗೆ ಗುರುತಿನ ಚೀಟಿ, ವಿಮೆ, ಹೊಳೆಯ ಮೇಲೆ ಹಕ್ಕು ಕೊಡಬೇಕೆಂಬ ಹನ್ನೊಂದು ಶಿಫಾರಸುಗಳು. ಇಂದಿಗೂ ಆ ಅಧ್ಯಾಯದ ಒಂದು ವಾಕ್ಯವನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ.

ಕೇಂದ್ರ ಕಚೇರಿಯಿಂದ ಪ್ರಶಂಸಾ ಪತ್ರ ಬಂತು. ನಮ್ಮ ಕಚೇರಿಯ ಇತಿಹಾಸದಲ್ಲೇ ಮೊದಲನೆಯದೆಂದು ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕೊಠಡಿಯಲ್ಲಿ ತೂಗುಹಾಕಿಕೊಂಡರು. ಪತ್ರದ ಬೆನ್ನಿಗೇ ಒಂದು ಸುತ್ತೋಲೆ. ಕೈಗಾರಿಕಾ ಬಳಕೆಯ ಮರಳನ್ನು ಇನ್ನು ಮುಂದೆ ಪರವಾನಗಿ ಪಡೆದ, ಜಿಪಿಎಸ್ ಅಳವಡಿಸಿದ ವಾಹನದಲ್ಲಿ ಮಾತ್ರ ಸಾಗಿಸತಕ್ಕದ್ದು ಎಂದು ಅದು ಹೇಳುತ್ತಿತ್ತು. ಎಂಬತ್ತು ಪುಟಗಳಲ್ಲಿ ಅವರು ಓದಿದ್ದು ಅನುಬಂಧವನ್ನು. ಹನ್ನೊಂದು ಶಿಫಾರಸುಗಳ ಬಗ್ಗೆ 'ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು' ಎಂಬ ಒಂದು ಸಾಲಿತ್ತು. ಸರ್ಕಾರಿ ಭಾಷೆಯಲ್ಲಿ ಅದು ಶ್ರದ್ಧಾಂಜಲಿ.

ಮುಂದಿನ ತಿಂಗಳ ಎರಡನೆಯ ಮಂಗಳವಾರ, ಹತ್ತು ಗಂಟೆಯ ಹೊತ್ತಿಗೆ, ಭಟ್ಟಿ ಓಣಿಯ ತಿರುವಿನಲ್ಲಿ ನಮ್ಮ ಇಲಾಖೆಯ ಜಾರಿ ದಳದವರು ಗಾಡಿಯಣ್ಣನನ್ನು ಹಿಡಿದರು. ದಳದವರು ಎಲ್ಲಿಯೂ ಹುಡುಕಬೇಕಾಗಲಿಲ್ಲ. ಬಂದರು, ಐದು ನಿಮಿಷ ಕಾದರು, ಗಾಡಿ ಬಂತು. ವಿಷಯ ತಿಳಿಸಲು ಗುಮಾಸ್ತರೇ ಘಟಕದ ಬಾಗಿಲಿಗೆ ಬಂದು ನಿಂತರು.

"ನಿಮ್ಮ ತಖ್ತೆ ಭಾಳ ಚಲೋ ಐತೆ ಮೇಡಂ," ಎಂದರು. "ವಾರ ಸಮೇತ ಐತೆ."

ಗಾಡಿ ನಮ್ಮ ಕಚೇರಿಯ ಅಂಗಳಕ್ಕೆ ಬಂತು. ಹಿಂದೆಯೇ ಗಾಡಿಯಣ್ಣ ನಡೆದು ಬಂದರು. ಎತ್ತು ಬಿಚ್ಚಿಕೊಂಡು ಹೋಗಿ ಎಂದು ದಳದವರು ಹೇಳಿದಾಗ ಅವರು ಒಪ್ಪಲಿಲ್ಲ.

"ಗಾಡಿ ನಿಮ್ದು ಅಂದಮ್ಯಾಲೆ ಎತ್ತೂ ನಿಮ್ವೇ ಸಾಹೇಬ್ರ. ಗಾಡಿ ಇಲ್ದ ಇವನ್ನ ನಾನೇನು ಮನ್ಯಾಗ ಕುಂಡ್ರಿಸ್ಕೊಂಡು ಪೂಜಿ ಮಾಡ್ಲಾ? ನೀವೇ ಮೇಯ್ಸಿರಿ." ಎರಡೂ ಎತ್ತುಗಳನ್ನು ಸಾಹೇಬರ ಕಾರು ನಿಲ್ಲಿಸುವ ತಗಡಿನ ನೆರಳಿನ ಕಂಬಕ್ಕೆ ಕಟ್ಟಿ, ನನ್ನ ಕಡೆ ಒಮ್ಮೆ ನೋಡಿದರು. ಬೈಯಲಿಲ್ಲ. "ಈಗ ಗೊತ್ತಾತೇನು ತಂಗಿ, ಸರ್ಕಾರಕ್ಕ, ನಾನು ಇದೀನಿ ಅಂತ?" ಎಂದು ಕೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು.

ಜಪ್ತಿಯ ನಮೂನೆಯನ್ನು ತುಂಬುವ ಕೆಲಸ ಘಟಕಕ್ಕೆ ಬಂತು. ವಾಹನದ ನೋಂದಣಿ ಸಂಖ್ಯೆ ಎಂಬಲ್ಲಿ ದಳದವರು ಈಗಾಗಲೇ 'ಎತ್ತು ಎರಡು, ಒಂದು ಬಿಳಿ, ಒಂದು ಕಂದು' ಎಂದು ಬರೆದಿದ್ದರು. ಇಂಜಿನ್ ಸಂಖ್ಯೆ: ಕಂಡುಬರಲಿಲ್ಲ. ಇಂಧನ: ಹುಲ್ಲು. ನಗಬೇಕೆನಿಸಿತು, ಆಗಲಿಲ್ಲ. ನಮೂನೆಯ ಕೆಳಗೆ ಸೋಮವಾರದೊಳಗೆ ಪ್ರಕರಣವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಸೂಚನೆಯಿತ್ತು. ನ್ಯಾಯಾಲಯಕ್ಕೆ ಹೋದ ಗಾಡಿಗಳ ಗತಿ ನಮ್ಮ ಅಂಗಳದ ಮೂಲೆಯಲ್ಲೇ ಕಾಣುತ್ತಿತ್ತು: ಎಂದೋ ಹಿಡಿದ ಒಂದು ಟ್ರ್ಯಾಕ್ಟರ್ ಟ್ರೇಲರ್, ಅದರೊಳಗೆ ಬೆಳೆದು ಹೂ ಬಿಟ್ಟಿದ್ದ ಎಕ್ಕದ ಗಿಡ. ಮರದ ಗಾಡಿಗೆ ಒಂದು ಮಳೆಗಾಲ ಸಾಕು. ಎತ್ತುಗಳನ್ನು ಹರಾಜು ಹಾಕುತ್ತಾರೆ. ಆ ಬಳಿಕ ಗಾಡಿಯಣ್ಣನ ಮೂರು ಜರಡಿಗಳು ಗೋಡೆಗೆ ತೂಗುತ್ತವೆ.

ಮರುದಿನ ಬೆಳಿಗ್ಗೆ ಒಂದು ಹೊರೆ ಮೇವು ಕೊಂಡು ಆಟೋದಲ್ಲಿ ಕಚೇರಿಗೆ ಬಂದೆ. ಆ ಬಿಳಿಯ ಎತ್ತು ನನ್ನನ್ನು ನೋಡಿದ ರೀತಿಯಲ್ಲಿ ಪ್ರಶಂಸೆ ಇರಲಿಲ್ಲ. ಗುಮಾಸ್ತರು ಪಕ್ಕದಲ್ಲಿ ಬಂದು ನಿಂತು ಅಡಿಕೆಪುಡಿ ಬಾಯಿಗೆ ಹಾಕಿಕೊಂಡರು.

"ಆ ಕಾಲಂ ಮುಟ್ಟಬ್ಯಾಡ್ರಿ ಅಂದಿದ್ದೆ."

"ಕಾರಣ ಹೇಳಿದ್ದರೆ ಮುಟ್ಟುತ್ತಿರಲಿಲ್ಲ ಸರ್."

"ಕಾರಣ ಹೇಳಿದ್ರೆ ಅದನ್ನೂ ಬರಕೊಂತಿದ್ರಿ."

ಅವರು ತಮ್ಮ ಕಪಾಟಿನಿಂದ ಬೆನ್ನು ಹರಿದ ನಿಯಮಗಳ ಪುಸ್ತಕವನ್ನು ತಂದು ಒಂದು ಪುಟ ತೆರೆದು ತೋರಿಸಿದರು. ಎತ್ತಿನ ಗಾಡಿಯಲ್ಲಿ ಮನೆಬಳಕೆಗೆ ಹಾಗೂ ಇತರೆ ಸಾಂಪ್ರದಾಯಿಕ ಬಳಕೆಗೆ ಒಯ್ಯುವ ಮರಳಿಗೆ ಪರವಾನಗಿ ಬೇಕಿಲ್ಲ ಎಂದು ಅಲ್ಲಿತ್ತು. ಯಾವುದು ಇತರೆ ಎಂದು ಮಾತ್ರ ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಹೇಳುತ್ತಿದ್ದದ್ದು ನಮ್ಮ ತಖ್ತೆ. ಗುಮಾಸ್ತರು ಭಟ್ಟಿಯನ್ನು, ಶೇಂಗಾದವನನ್ನು, ಅಂಗನವಾಡಿಯ ತಟ್ಟೆಯನ್ನು ಎಲ್ಲರ ಕಣ್ಣೆದುರಿಗೇ ಆ ಒಂದು ಕಾಲಮಿನಲ್ಲಿ ಇಟ್ಟು, ಅಂಕಿಯನ್ನು ಒಮ್ಮೆಯೂ ಅಲುಗಿಸದೆ ಕಾದುಕೊಂಡು ಬಂದಿದ್ದರು. ಅಂಕಿ ಅಲುಗದಿದ್ದರೆ ಯಾರೂ ಅದರ ಕಡೆ ನೋಡುವುದಿಲ್ಲ. ನಾನು ಅದನ್ನು ಸೋಮಾರಿತನವೆಂದು ತಿಳಿದು ಎಂಬತ್ತು ಪುಟಗಳಲ್ಲಿ ಗುಡಿಸಿ ಹಾಕಿದ್ದೆ.

"ಈಗ ಏನು ಮಾಡಬಹುದು?"

"ಮಂಡಕ್ಕಿ ಭಟ್ಟಿ ಕೈಗಾರಿಕೆ ಅಲ್ಲ ಅಂತ ಬರೀರಿ. ಬರದೋರು ನೀವು. ತಪ್ಪಾತು ಅಂತ ನೀವೇ ಬರದ್ರೆ ಮಾತ್ರ ನಡೀತೈತೆ."

ಅಂದು ಮಧ್ಯಾಹ್ನ ನಾನು ಚೀಟಿ ಎತ್ತದೆಯೇ ವಿರೋಧದ ಪಕ್ಷಕ್ಕೆ ಹೋದೆ. ನನ್ನದೇ ವಾದವನ್ನು ನಾನೇ ಖಂಡಿಸಬೇಕಿತ್ತು. ಕಾಲೇಜಿನಲ್ಲಿ ಎಷ್ಟೋ ಸಲ ಮಾಡಿದ ಕೆಲಸ. ಆಗ ಎದುರಿಗೆ ಪಾರಿತೋಷಕ ಇರುತ್ತಿತ್ತು, ಈಗ ಒಂದು ಗಾಡಿ ಇತ್ತು. ಆಪಾ ಹೇಳಿದ ಮಾತನ್ನೇ ಸರ್ಕಾರಿ ಕನ್ನಡಕ್ಕೆ ತಿರುಗಿಸಿದೆ. ಕಟ್ಟಡದಲ್ಲಿ ಮರಳು ಕಟ್ಟಡವಾಗುತ್ತದೆ. ಭಟ್ಟಿಯಲ್ಲಿ ಮರಳು ಮಂಡಕ್ಕಿಯಾಗುವುದಿಲ್ಲ. ಅದು ಕಾಯುತ್ತದೆ, ಆರುತ್ತದೆ, ಮರಳಾಗಿಯೇ ಉಳಿಯುತ್ತದೆ. ಮಂಡಕ್ಕಿಯಲ್ಲಿ ಮರಳು ಉಳಿದರೆ ಗಿರಾಕಿ ಉಳಿಯುವುದಿಲ್ಲ. ಆದ್ದರಿಂದ ಅದು ಕಚ್ಚಾವಸ್ತುವಲ್ಲ, ಬಾಣಲೆ, ಸೌಟುಗಳಂತೆ ಅಡುಗೆಯ ಸಲಕರಣೆ. ಸಲಕರಣೆಯಾದ್ದರಿಂದ ಸಾಂಪ್ರದಾಯಿಕ ಬಳಕೆ. ವಾದ ಗಟ್ಟಿಯಾಗಿತ್ತು. ಮೊದಲ ವರದಿಗಿಂತಲೂ ಗಟ್ಟಿಯಾಗಿತ್ತು ಎಂಬುದು ನನಗೆ ಅಷ್ಟೇನೂ ಹಿತವೆನಿಸಲಿಲ್ಲ. ಕೊನೆಗೆ ಬರೆಯಬೇಕಿದ್ದ ಸಾಲನ್ನೂ ಬರೆದೆ: ಸಮೀಕ್ಷೆ ನಡೆಸಿದವಳ ಅನುಭವದ ಕೊರತೆಯಿಂದ ವರ್ಗೀಕರಣದಲ್ಲಿ ದೋಷ ಉಂಟಾಗಿದೆ.

ಸಾಹೇಬರು ಟಿಪ್ಪಣಿಯನ್ನು ಓದಿ ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದರು.

"ಶಹಬ್ಬಾಸ್ ಅಂದ ರಿಪೋರ್ಟ್ ತಪ್ಪು ಅಂತ ಹೆಂಗೆ ಕಳಿಸ್ಲಮ್ಮ? ನನ್ನ ಮರ್ಯಾದಿ ಏನಾಗ್ತೈತೆ?"

ನಾನು ಎಣಿಕೆ, ನ್ಯಾಯ, ಮೆಟ್ಟಿಲು ಎಂದು ಆರಂಭಿಸಿದೆ. ಅವರು ಕೈಯೆತ್ತಿ 'ಸಾಕು' ಎಂದರು. ಆಗ ಗುಮಾಸ್ತರು ಬಾಗಿಲಲ್ಲಿ ಇಣುಕಿ, ಬಹಳ ವಿನಯದಿಂದ ಕೇಳಿದರು.

"ಸರ್, ಶುಕ್ರವಾರ ಬೆಂಗಳೂರಿಂದ ಇನ್‌ಸ್ಪೆಕ್ಷನ್ ಐತೆ. ಎತ್ತಿನ ಮೇವಿನ ಖರ್ಚು ಯಾವ ಹೆಡ್‌ನಾಗ ಹಾಕ್ಲಿ? ಜಾನುವಾರಿಗೆ ನಮ್ಮಲ್ಲಿ ಹೆಡ್ ಇಲ್ಲ. ಸಗಣಿನೂ ಸರ್ಕಾರಿ ಆಸ್ತಿ ಆಗ್ತೈತಲ್ಲ, ಅದಕ್ಕೊಂದು ರಿಜಿಸ್ಟರ್ ತೆಗೀಲಾ?"

ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು. ಬಿಸಿಲಿನಲ್ಲಿ ಅವರ ಕಾರು, ನೆರಳಿನಲ್ಲಿ ಎತ್ತುಗಳು. ಟಿಪ್ಪಣಿಗೂ ಗಾಡಿಯ ಬಿಡುಗಡೆಯ ಆದೇಶಕ್ಕೂ ಸಹಿ ಹಾಕಲು ಅವರಿಗೆ ಮುಕ್ಕಾಲು ನಿಮಿಷ ಹಿಡಿಯಿತು. ಕಾಲೇಜಿನಲ್ಲಿ ಗಳಿಸಿದ ನನ್ನ ವಾಗ್ಮಿತೆಯನ್ನು ಒಂದು ರಾಶಿ ಸಗಣಿ ಸೋಲಿಸಿದ್ದನ್ನು ಇಲ್ಲಿ ದಾಖಲಿಸದಿದ್ದರೆ ಆತ್ಮವಂಚನೆಯಾದೀತು.

ಗುರುವಾರ ಗಾಡಿಯಣ್ಣ ಬಂದರು. ಬಿಡುಗಡೆಯ ಆದೇಶವನ್ನು ಓದಿ ಹೇಳಿದೆ. ಅವರು ಅದನ್ನು ಕೇಳಿಸಿಕೊಳ್ಳುತ್ತ ಗಾಡಿಯ ಸುತ್ತ ಒಂದು ಸುತ್ತು ಬಂದು, ಗಾಲಿಯ ಕೀಲು ಮುಟ್ಟಿ ನೋಡಿ, ಮರಳಿನೊಳಗೆ ಕೈ ಇಳಿಸಿದರು. ಮರಳು ಅರ್ಧವಾಗಿತ್ತು. ಕಚೇರಿಯ ಮುರಿದ ಮೆಟ್ಟಿಲಿಗೆ ಬುಧವಾರ ಯಾರೋ ಹೊಸ ಗಿಲಾವು ಮಾಡಿದ್ದರು, ಬಹಳ ನುಣುಪಾಗಿತ್ತು. ಆ ಪಾಲನ್ನು 'ಕಟ್ಟಡ'ದ ಕಾಲಮಿಗೆ ಸೇರಿಸಬೇಕಾಗುತ್ತದೆ ಎಂದು ತಲೆಯೊಳಗೆ ಹೊಳೆಯಿತು. ತುಟಿ ಕಚ್ಚಿಕೊಂಡೆ.

"ಹೋಗ್ಲಿ ಬಿಡ್ರಿ," ಎಂದರು ಅವರು, ಮೆಟ್ಟಿಲನ್ನು ನೋಡಿ. "ಗಟ್ಟಿ ಬರ್ತೈತೆ. ಸೋಸಿದ್ದು."

ಘಟಕ ಈಗಲೂ ಇದೆ. ಮುಂದಿನ ಸಮೀಕ್ಷೆಗಳನ್ನು ಅನುಭವಿ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲೇ ನಡೆಸತಕ್ಕದ್ದು ಎಂದು ಕೇಂದ್ರ ಕಚೇರಿ ಆದೇಶಿಸಿದ್ದರಿಂದ ಖನಿಜ ಅರ್ಥಶಾಸ್ತ್ರದ ಭವಿಷ್ಯವನ್ನು ಗುಮಾಸ್ತರ ಕೈಗೆ ಒಪ್ಪಿಸಲಾಗಿದೆ. 'ಇತರೆ' ತನ್ನ ಹಳೆಯ ಅಂಕಿಗೆ ಮರಳಿದೆ. ಶೇಂಗಾದವನೂ ಅಂಗನವಾಡಿಯ ಎರಡು ಹಿಡಿಯೂ ಅದರೊಳಗೆ ಕ್ಷೇಮ. ಎಣಿಸದೆ ಬಿಡುವುದೇ ಸರಿ ಎಂದು ನಾನು ಒಪ್ಪಿದ್ದೇನೆಂದು ಯಾರೂ ತಿಳಿಯಬಾರದು. ಹನ್ನೊಂದು ಶಿಫಾರಸುಗಳನ್ನು ಪ್ರತಿ ವರ್ಷ ಹೊಸ ದಿನಾಂಕ ಹಾಕಿ ಕಳಿಸುತ್ತಿದ್ದೇನೆ. ಆದರೆ ಈಗ ಅನುಬಂಧ ಬರೆಯುವುದಿಲ್ಲ.

ಆ ಗುರುವಾರದ ಒಂದು ಸಂಗತಿ ಉಳಿದಿದೆ. ಎತ್ತು ಹೂಡಿ ಗಾಡಿಯನ್ನು ಗೇಟಿನ ಕಡೆ ತಿರುಗಿಸುತ್ತಿದ್ದ ಗಾಡಿಯಣ್ಣನಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು. ಕ್ಷಮೆ ಕೇಳುವುದನ್ನು ನಾನು ವೇದಿಕೆಯಲ್ಲಿ ಕಲಿತಿರಲಿಲ್ಲ. ಮನೆಗೆ ಬಂದು ಹೊರಟವರಿಗೆ ಯಾರಾದರೂ ಕೇಳುವಂತೆ ಕೇಳಿದೆ.

"ಮತ್ತೆ ಯಾವಾಗ ಬರುತ್ತೀರಿ ಅಣ್ಣಾ?"

ಅವರು ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದರು. ಮೊದಲು ನನ್ನ ಬಲಗೈಯನ್ನು ನೋಡಿದರು, ಆಮೇಲೆ ಎಡಗೈಯನ್ನು. ಎರಡರಲ್ಲೂ ಪೆನ್ನಿರಲಿಲ್ಲ. ಆದರೂ ಕಂದು ಎತ್ತಿನ ಬೆನ್ನು ತಟ್ಟಿ, ಗೇಟು ದಾಟಿ, ಭಟ್ಟಿ ಓಣಿಗೆ ಹೋಗದ, ನನ್ನ ಅನುಬಂಧದಲ್ಲೂ ಇಲ್ಲದ ಇನ್ನೊಂದು ರಸ್ತೆಗೆ ಗಾಡಿ ತಿರುಗಿಸಿದರು.